ಬಾಣಲೆಯ ಎಣ್ಣೆಯೂ ಹೃದಯದ ಆರೋಗ್ಯವೂ: ಮನೆಯ ಟೋರ್ಟಿಯಾ ಚಿಪ್ಸ್ ಕುರಿತು ಕೆಲವು ಮಾತುಗಳು

(ಸಂಘದ ಸಭೆಯಲ್ಲಿ ಅತಿಥಿ ವೈದ್ಯರು ಮಾಡಿದ ಉಪನ್ಯಾಸದ ಪಠ್ಯ)



ಹೃದಯದ ಆರೋಗ್ಯವನ್ನು ಕುರಿತು ಮಾತನಾಡಬೇಕೆಂದು ಸಂಘದವರು ನಮ್ಮನ್ನು ಕೇಳಿಕೊಂಡರು. ವೈದ್ಯರ ಭಾಷಣವೆಂದರೆ ರಕ್ತನಾಳಗಳ ಚಿತ್ರ, ಔಷಧಿಗಳ ಪಟ್ಟಿ, ಕೊನೆಗೆ 'ಎಣ್ಣೆ ಕಡಿಮೆ ಮಾಡಿ, ದಿನವೂ ನಡೆಯಿರಿ' ಎಂಬ ಉಪದೇಶ. ಅದು ಮುಗಿದ ಕೂಡಲೆ ಪಕ್ಕದ ಕೊಠಡಿಯಲ್ಲಿ ಬಿಸಿಬಿಸಿ ಬೋಂಡ. ಈ ಕ್ರಮವನ್ನು ನಾವು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಆದ್ದರಿಂದ ಇಂದು ಉಪದೇಶವನ್ನು ಬದಿಗಿಟ್ಟು, ಒಂದೇ ಒಂದು ತಿಂಡಿಯನ್ನು ಎತ್ತಿಕೊಂಡು, ಅದನ್ನು ಯಾವ ಎಣ್ಣೆಯಲ್ಲಿ ಹೇಗೆ ಕರಿಯಬೇಕು ಎಂಬ ವಿಚಾರವನ್ನಷ್ಟೆ ನಿಮ್ಮ ಮುಂದಿಡಲು ನಿಶ್ಚಯಿಸಿದೆವು. ಆ ತಿಂಡಿ ಚಕ್ಕುಲಿಯಲ್ಲ, ಕೋಡುಬಳೆಯೂ ಅಲ್ಲ. ಟೆಕ್ಸಾಸಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಅವೆರಡಕ್ಕಿಂತಲೂ ಹೆಚ್ಚಾಗಿ ತಿನ್ನುವ ಟೋರ್ಟಿಯಾ ಚಿಪ್ಸ್.

ಈ ತಿಂಡಿ ನಮ್ಮ ಮನೆಗಳನ್ನು ಪ್ರವೇಶಿಸಿದ ಬಗೆ ಎಲ್ಲರಿಗೂ ತಿಳಿದಿದೆ. ಮೆಕ್ಸಿಕನ್ ಉಪಾಹಾರ ಗೃಹದಲ್ಲಿ ಕುಳಿತೊಡನೆ, ನಾವು ಕೇಳುವ ಮೊದಲೇ ಒಂದು ಬುಟ್ಟಿ ಚಿಪ್ಸ್ ಬರುತ್ತದೆ. ಬುಟ್ಟಿ ಬರಿದಾದರೆ ಮತ್ತೊಂದು. ಸಸ್ಯಾಹಾರಿಗಳಾದವರಿಗೆ ಈ ಸೀಮೆಯಲ್ಲಿ ಮೊದಲು ಧೈರ್ಯ ಕೊಟ್ಟ ಆಹಾರವೂ ಇದೇ. ಮೆಕ್ಕೆಜೋಳ, ಎಣ್ಣೆ, ಉಪ್ಪು. ಪಕ್ಕದಲ್ಲಿ ಟೊಮೇಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿನ ಸಾಲ್ಸಾ. ನಮ್ಮ ಗೊಜ್ಜಿನ ಹತ್ತಿರದ ನೆಂಟನಂತೆಯೇ ಇದೆಯಲ್ಲ! ಆದರೆ ಮೆಕ್ಸಿಕನ್ ಅಡಿಗೆಯಲ್ಲಿ ಹಂದಿಯ ಕೊಬ್ಬು ಬಹುಕಾಲದಿಂದ ಬಳಕೆಯಲ್ಲಿರುವ ಪದಾರ್ಥವೆಂದು ತಿಳಿದ ಮೇಲೆ, ನಮ್ಮ ಅನೇಕ ಗೃಹಿಣಿಯರು ಅಂಗಡಿಯಿಂದ ಮೆಕ್ಕೆಜೋಳದ ಟೋರ್ಟಿಯಾ ತಂದು, ತ್ರಿಕೋನವಾಗಿ ಕತ್ತರಿಸಿ, ಮನೆಯಲ್ಲಿಯೇ ಕರಿಯಲು ತೊಡಗಿದರು. ಒಳ್ಳೆಯ ನಿರ್ಧಾರವೇ. ಮನೆಯ ಬಾಣಲೆಯಲ್ಲಿ ಯಾವ ಎಣ್ಣೆ ಇದೆ ಎಂಬುದು ನಮಗೆ ತಿಳಿದಿರುತ್ತದೆ. ಆ ತಿಳಿವಳಿಕೆಯನ್ನು ಸರಿಯಾಗಿ ಉಪಯೋಗಿಸಿಕೊಳ್ಳುತ್ತಿದ್ದೇವೆಯೆ ಎಂಬುದೇ ಇಂದಿನ ಪ್ರಶ್ನೆ.

ಈ ತಿಂಡಿಯ ಇತಿಹಾಸ ಟೆಕ್ಸಾಸಿನ ಮಣ್ಣಿಗೆ ಅಂಟಿಕೊಂಡಿದೆ. 1932ರಲ್ಲಿ ಸ್ಯಾನ್ ಅಂಟೋನಿಯೊ ನಗರದಲ್ಲಿ ಎಲ್ಮರ್ ಡೂಲಿನ್ ಎಂಬಾತ ಕರಿದ ಮೆಕ್ಕೆಜೋಳದ ತಿಂಡಿಯನ್ನು 'ಫ್ರಿಟೋಸ್' ಎಂಬ ಹೆಸರಿನಲ್ಲಿ ಮಾರಲು ಆರಂಭಿಸಿದ. ಕೆಲವೇ ವರ್ಷಗಳಲ್ಲಿ ಆ ಉದ್ಯಮ ಡಾಲಸಿಗೆ ಸ್ಥಳಾಂತರಗೊಂಡಿತು. 1961ರಲ್ಲಿ ಲೇ ಸಂಸ್ಥೆಯೊಡನೆ ಕೂಡಿ ಫ್ರಿಟೋ-ಲೇ ಆಯಿತು. 1966ರಲ್ಲಿ ಅದೇ ಸಂಸ್ಥೆ ಡೊರಿಟೋಸ್ ಎಂಬ ಟೋರ್ಟಿಯಾ ಚಿಪ್ಸನ್ನು ದೇಶದಾದ್ಯಂತ ಮಾರುಕಟ್ಟೆಗೆ ತಂದಿತು. ಇಂದು ನಮ್ಮ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಪ್ಲೇನೋದಲ್ಲಿಯೇ ಅದರ ಪ್ರಧಾನ ಕಚೇರಿ ಇದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ಹಿಟ್ಟು ಮಾಡುವ ಮೆಕ್ಸಿಕೊದ ಪ್ರಾಚೀನ ಪದ್ಧತಿಯಂತೂ ವೈದ್ಯರ ಮೆಚ್ಚುಗೆಗೆ ಅರ್ಹವಾದುದು. ಸುಣ್ಣದಿಂದ ಕ್ಯಾಲ್ಸಿಯಂ ಸೇರುತ್ತದೆ. ಜೋಳದಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವ ಬಿಡುಗಡೆಯಾಗಿ ಪೆಲ್ಲಾಗ್ರ ರೋಗವನ್ನು ತಡೆಯುತ್ತದೆ. ಟೋರ್ಟಿಯಾದಲ್ಲಿ ದೋಷವಿಲ್ಲ. ವಿಚಾರ ಮಾಡಬೇಕಾದುದು ಅದು ಬಾಣಲೆಗೆ ಬಿದ್ದ ಮೇಲಿನ ಸಂಗತಿ.

ಕನ್ನಡಿಗರಾದ ನಾವು ಇದನ್ನು ಇತರರಿಗಿಂತ ಹೆಚ್ಚಾಗಿ ಏಕೆ ಯೋಚಿಸಬೇಕು? ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಓದಿ, ಈ ದೇಶದಲ್ಲಿ ರೆಸಿಡೆನ್ಸಿ ಮುಗಿಸಿ, ಎರಡೂ ಕಡೆಯ ರೋಗಿಗಳನ್ನು ಕಂಡಿರುವ ನಮ್ಮಂಥ ವೈದ್ಯರಿಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಎದೆನೋವೆಂದು ಬಂದ ನಲವತ್ತೈದು ವರ್ಷದ ಗೃಹಸ್ಥರು ಆಶ್ಚರ್ಯದಿಂದ ಹೇಳುತ್ತಾರೆ: "ಡಾಕ್ಟರೆ, ನಾನು ಸಿಗರೇಟು ಸೇದುವುದಿಲ್ಲ, ಮಾಂಸ ಮುಟ್ಟುವುದಿಲ್ಲ, ದಪ್ಪಗೂ ಇಲ್ಲ. ನನಗೆ ಹೇಗೆ ಬಂತು?" ಅವರ ಆಶ್ಚರ್ಯ ಸಹಜ. ಆದರೆ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಅಂಕಿ ಅಂಶಗಳನ್ನು ಪರಿಶೀಲಿಸಿದಾಗ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ವಯಸ್ಸು ಸುಮಾರು 53; ಇತರರಿಗೆ ಸುಮಾರು 59 ಎಂದು ಕಂಡುಬಂದಿತು. ಆರು ವರ್ಷಗಳ ಅಂತರ ಸಣ್ಣದಲ್ಲ. ಮಗಳು ಕಾಲೇಜಿಗೆ ಸೇರಿದ ವರ್ಷಕ್ಕೂ ಅವಳ ಮದುವೆಯ ವರ್ಷಕ್ಕೂ ಇರುವ ಅಂತರ ಅದು. 2018ರಲ್ಲಿ ಹೊರಬಂದ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿ, ದಕ್ಷಿಣ ಏಷ್ಯಾ ಮೂಲದವರಾಗಿರುವುದನ್ನೇ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲಿ ಒಂದೆಂದು ಪರಿಗಣಿಸಿದೆ.

ಈ ವಿಷಯದಲ್ಲಿ ನಾವು ನೆಲೆಸಿರುವ ಊರುಗಳಿಗೇ ಒಂದು ವಿಶೇಷ ಸ್ಥಾನವಿದೆ. ರಕ್ತದಲ್ಲಿರುವ ಎಲ್.ಡಿ.ಎಲ್. ಕೊಲೆಸ್ಟರಾಲನ್ನು ಯಕೃತ್ತು ಹೇಗೆ ಹಿಡಿದು ಒಳಕ್ಕೆ ಸೆಳೆದುಕೊಳ್ಳುತ್ತದೆ ಎಂಬುದನ್ನು ಕಂಡುಹಿಡಿದವರು ಡಾಲಸಿನ ವೈದ್ಯಕೀಯ ಕೇಂದ್ರದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್. ಅದಕ್ಕಾಗಿ 1985ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಯಕೃತ್ತಿನ ಜೀವಕೋಶಗಳ ಮೇಲೆ ಎಲ್.ಡಿ.ಎಲ್. ಕಣಗಳನ್ನು ಹಿಡಿಯುವ ಗ್ರಾಹಕಗಳಿವೆ. ಇವನ್ನು ಮನೆಯ ಬಾಗಿಲುಗಳೆಂದು ಭಾವಿಸಿ. ಬಾಗಿಲು ಹೆಚ್ಚಿದ್ದರೆ ರಕ್ತ ಶುದ್ಧವಾಗಿರುತ್ತದೆ. ಕಡಿಮೆಯಾದರೆ ಕೊಲೆಸ್ಟರಾಲ್ ಬೀದಿಯಲ್ಲಿ ಅಲೆಯುತ್ತ ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ನಾವು ತಿನ್ನುವ ಕೆಲವು ಕೊಬ್ಬುಗಳು ಈ ಬಾಗಿಲುಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತವೆ. ಅದೇ ಡಾಲಸಿನ ಸ್ಕಾಟ್ ಗ್ರಂಡಿ ಅವರು 1980ರ ದಶಕದಲ್ಲಿ ಯಾವ ಕೊಬ್ಬು ಏನು ಮಾಡುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದರು. ಮುಂದೆ 2018ರ ಮಾರ್ಗಸೂಚಿಯ ಸಮಿತಿಗೆ ಅಧ್ಯಕ್ಷರಾದವರೂ ಅವರೇ. ಇನ್ನು ಹ್ಯೂಸ್ಟನ್: 1964ರಲ್ಲಿ ಮೈಕೆಲ್ ಡಿಬೇಕಿ ಅವರ ತಂಡ ಕಾಲಿನ ರಕ್ತನಾಳವನ್ನು ತೆಗೆದು ಹೃದಯಕ್ಕೆ ಜೋಡಿಸುವ ಬೈಪಾಸ್ ಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದ ನಗರ. ಆಸ್ಟಿನ್ ನಗರವಾದರೋ 1980ರಲ್ಲಿ ಹೋಲ್ ಫುಡ್ಸ್ ಅಂಗಡಿಯನ್ನು ಹುಟ್ಟಿಸಿ, ಒಂದು ಗೋಡೆಯ ತುಂಬ ಬಗೆಬಗೆಯ ಎಣ್ಣೆಯ ಸೀಸೆಗಳನ್ನು ನಮ್ಮ ಮುಂದೆ ನಿಲ್ಲಿಸಿದ ಊರು. ಹ್ಯೂಸ್ಟನ್ನಿನ ಶಸ್ತ್ರಚಿಕಿತ್ಸಕರ ಬಳಿಗೆ ಹೋಗುವ ಸಂದರ್ಭವನ್ನು ಮುಂದೂಡಬೇಕಾದರೆ, ಡಾಲಸಿನ ವಿಜ್ಞಾನಿಗಳು ಕಲಿಸಿದ್ದನ್ನು ಆಸ್ಟಿನ್ನಿನ ಆ ಗೋಡೆಯ ಮುಂದೆ ನಿಂತಾಗ ನೆನಪಿಸಿಕೊಳ್ಳಬೇಕು. ನಮ್ಮ ಉಪನ್ಯಾಸದ ಸಾರ ಇಷ್ಟೆ.

ಎಣ್ಣೆಯನ್ನು ಆರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅದರಲ್ಲಿ ಎಂಥ ಕೊಬ್ಬಿದೆ? ಅದು ಕಾವನ್ನು ತಡೆಯುತ್ತದೆಯೆ? ಅದನ್ನು ಎಷ್ಟು ಸಲ ಕಾಯಿಸುತ್ತೇವೆ? ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಕೆಲವರು, ಮೂರನೆಯದನ್ನು ಕೇಳುವವರು ವಿರಳ. ನಮ್ಮ ಮನೆಗಳಲ್ಲಿ ಹೆಚ್ಚಿನ ಕೆಡುಕು ಆಗುವುದು ಆ ಮೂರನೆಯದರಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು. ಎಲ್ಲ ಎಣ್ಣೆಯೂ ಶುದ್ಧ ಕೊಬ್ಬೇ. ಒಂದು ದೊಡ್ಡ ಚಮಚಕ್ಕೆ ಸುಮಾರು 14 ಗ್ರಾಂ, 120 ಕ್ಯಾಲೊರಿ. 'ಲೈಟ್' ಎಂದು ಸೀಸೆಯ ಮೇಲೆ ಬರೆದಿದ್ದರೂ ಇದು ಬದಲಾಗುವುದಿಲ್ಲ. ಅಲ್ಲಿ ಲೈಟ್ ಎಂದರೆ ಬಣ್ಣ, ರುಚಿ ತೆಳುವಾಗಿದೆ ಎಂದಷ್ಟೇ ಅರ್ಥ. ವ್ಯತ್ಯಾಸವಿರುವುದು ಕೊಬ್ಬಿನ ಜಾತಿಯಲ್ಲಿ. ಸೀಸೆಯ ಮೇಲೆ ಸ್ಯಾಚುರೇಟೆಡ್ ಎಂದು ಬರೆದಿರುವ ಪರ್ಯಾಪ್ತ ಕೊಬ್ಬು ಯಕೃತ್ತಿನ ಬಾಗಿಲುಗಳನ್ನು ಮುಚ್ಚಿಸಿ ಎಲ್.ಡಿ.ಎಲ್. ಏರಿಸುತ್ತದೆ. ಮಾನೊಅನ್‌ಸ್ಯಾಚುರೇಟೆಡ್ ಎಂಬ ಏಕ-ಅಪರ್ಯಾಪ್ತ ಕೊಬ್ಬು ಮತ್ತು ಪಾಲಿಅನ್‌ಸ್ಯಾಚುರೇಟೆಡ್ ಎಂಬ ಬಹು-ಅಪರ್ಯಾಪ್ತ ಕೊಬ್ಬು, ಅದರ ಬದಲಿಗೆ ಬಳಸಿದಾಗ, ಎಲ್.ಡಿ.ಎಲ್. ಇಳಿಸುತ್ತವೆ. ನೂರಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ, ಪರ್ಯಾಪ್ತ ಕೊಬ್ಬು ಕೆನೋಲ ಎಣ್ಣೆಯಲ್ಲಿ ಸುಮಾರು 7, ಸೂರ್ಯಕಾಂತಿಯಲ್ಲಿ 10, ಮೆಕ್ಕೆಜೋಳದಲ್ಲಿ 13, ಆಲಿವ್‌ನಲ್ಲಿ 14, ಸೋಯಾದಲ್ಲಿ 15, ಕಡಲೆಕಾಯಿ ಎಣ್ಣೆಯಲ್ಲಿ 17, ಅಕ್ಕಿ ತೌಡಿನ ಎಣ್ಣೆಯಲ್ಲಿ 20, ಹತ್ತಿಬೀಜದ ಎಣ್ಣೆಯಲ್ಲಿ 26. ಅಲ್ಲಿಂದ ಮುಂದೆ ಮೆಟ್ಟಿಲು ಕಡಿದಾಗುತ್ತದೆ: ಹಂದಿಯ ಕೊಬ್ಬು 39, ತಾಳೆ ಎಣ್ಣೆ 49, ತುಪ್ಪ 60ಕ್ಕೂ ಮೇಲೆ, ತೆಂಗಿನೆಣ್ಣೆ 80ಕ್ಕೂ ಮೇಲೆ.

ಈ ಮೂರಕ್ಕೂ ಸೇರದ ನಾಲ್ಕನೆಯ ಜಾತಿಯೊಂದಿದೆ, ಟ್ರಾನ್ಸ್ ಕೊಬ್ಬು. ದ್ರವರೂಪದ ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿ ಮಾಡುವಾಗ ಇದು ಹುಟ್ಟುತ್ತದೆ. 1911ರಲ್ಲಿ ಹತ್ತಿಬೀಜದ ಎಣ್ಣೆಯನ್ನು ಗಟ್ಟಿಮಾಡಿ ಕ್ರಿಸ್ಕೊ ಎಂಬ ಹೆಸರಿನಿಂದ ಈ ದೇಶದಲ್ಲಿ ಮಾರಿದರು. 1937ರಿಂದ ನಮ್ಮ ದೇಶದಲ್ಲಿ ಡಾಲ್ಡಾ ಬಂದಿತು. ಬೆಣ್ಣೆ, ತುಪ್ಪಕ್ಕಿಂತ ಒಳ್ಳೆಯದೆಂದು ಎರಡು ತಲೆಮಾರಿನವರು ನಂಬಿದರು. 1990ರಲ್ಲಿ ಹಾಲೆಂಡಿನ ಮೆನ್ಸಿಂಕ್ ಮತ್ತು ಕಾಟನ್ ಎಂಬ ಸಂಶೋಧಕರು, ಇದು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದರ ಜೊತೆಗೆ ಒಳ್ಳೆಯದೆನಿಸಿದ ಎಚ್.ಡಿ.ಎಲ್. ಅನ್ನು ಇಳಿಸುತ್ತದೆ ಎಂದು ತೋರಿಸಿದರು. ಅಮೆರಿಕದಲ್ಲಿ 2006ರಿಂದ ಇದನ್ನು ಪೊಟ್ಟಣದ ಮೇಲೆ ನಮೂದಿಸುವುದು ಕಡ್ಡಾಯವಾಯಿತು, 2015ರಲ್ಲಿ ಎಫ್.ಡಿ.ಎ. ಇದನ್ನು ಸುರಕ್ಷಿತ ಪದಾರ್ಥಗಳ ಸಾಲಿನಿಂದ ತೆಗೆಯಲು ತೀರ್ಮಾನಿಸಿ, 2018ರಿಂದ ಜಾರಿಗೆ ತಂದಿತು. ಭಾರತದಲ್ಲಿ 2022ರಿಂದ ಎಣ್ಣೆ, ವನಸ್ಪತಿಗಳಲ್ಲಿ ನೂರಕ್ಕೆ 2ರ ಮಿತಿ ಇದೆ. ಊರಿಗೆ ಹೋದಾಗ ಹಳೆಯ ಅಭ್ಯಾಸದಿಂದ ವನಸ್ಪತಿಯ ಡಬ್ಬವನ್ನು ಪೆಟ್ಟಿಗೆಯಲ್ಲಿಟ್ಟು ತರುವವರು ಇದನ್ನು ಗಮನಿಸಬೇಕೆಂದು ಕೋರುತ್ತೇವೆ.

ಎರಡನೆಯ ಪ್ರಶ್ನೆ ಕಾವಿನದು. ಚಿಪ್ಸ್ ಕರಿಯಲು ಎಣ್ಣೆ 350ರಿಂದ 375 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿಯಾಗಿರಬೇಕು. ಶುದ್ಧೀಕರಿಸಿದ ಕಡಲೆಕಾಯಿ, ಕೆನೋಲ, ಸೂರ್ಯಕಾಂತಿ, ಮೆಕ್ಕೆಜೋಳ, ಬೆಣ್ಣೆಹಣ್ಣಿನ ಎಣ್ಣೆಗಳೆಲ್ಲ ಈ ಕಾವಿನಲ್ಲಿ ಹೊಗೆಯಾಡುವುದಿಲ್ಲ. ಗಾಣದ ಎಣ್ಣೆ, ಅಂದರೆ ಶುದ್ಧೀಕರಿಸದ ಎಣ್ಣೆ, ಬಹು ಬೇಗ ಹೊಗೆಯಾಡುತ್ತದೆ. ಗಾಣದ ಕಡಲೆಕಾಯಿ ಎಣ್ಣೆಯ ಪರಿಮಳ ನಮಗೂ ಪ್ರಿಯ. ಆದರೆ ಅದರ ಸ್ಥಾನ ಒಗ್ಗರಣೆಯಲ್ಲಿ, ಚಟ್ನಿಪುಡಿಯ ಮೇಲೆ, ಕರಿಯುವ ಬಾಣಲೆಯಲ್ಲಲ್ಲ.

ಆದರೆ ಹೊಗೆ ಬರಲಿಲ್ಲವೆಂದ ಮಾತ್ರಕ್ಕೆ ಎಣ್ಣೆ ಕೆಡಲಿಲ್ಲವೆಂದು ತಿಳಿಯಬಾರದು. ಬಿಸಿ ಎಣ್ಣೆಗೆ ಮೂರು ಶತ್ರುಗಳು: ಗಾಳಿಯಲ್ಲಿರುವ ಆಮ್ಲಜನಕ, ತಿಂಡಿಯಿಂದ ಹೊರಬರುವ ನೀರು, ಕಾವು. ಬಹು-ಅಪರ್ಯಾಪ್ತ ಕೊಬ್ಬು ಆಮ್ಲಜನಕಕ್ಕೆ ಬಹಳ ಬೇಗ ಸೋಲುತ್ತದೆ; ಆಗ ಆಲ್ಡಿಹೈಡ್ ಎಂಬ ಅಹಿತಕರ ವಸ್ತುಗಳು ಹುಟ್ಟುತ್ತವೆ, ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಎಣ್ಣೆ ಮಂದವಾಗುತ್ತದೆ. ಬಾಣಲೆಯ ಅಂಚಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಕಂದುಬಣ್ಣದ ಅಂಟು ಕೂರುತ್ತದೆಯಲ್ಲ, ಅದೇ ಇದು. ಏಕ-ಅಪರ್ಯಾಪ್ತ ಕೊಬ್ಬು ಕಾವಿಗೆ ಹೆಚ್ಚು ಕಾಲ ನಿಲ್ಲುತ್ತದೆ. ತೆಂಗಿನೆಣ್ಣೆ, ತುಪ್ಪಗಳೂ ನಿಲ್ಲುತ್ತವೆ. ಆದರೆ ಮೊದಲ ಪ್ರಶ್ನೆಯಲ್ಲಿ ಅವು ಅನುತ್ತೀರ್ಣ. ಎರಡೂ ಪ್ರಶ್ನೆಗಳಲ್ಲಿ ಉತ್ತೀರ್ಣವಾಗುವುದು ಏಕ-ಅಪರ್ಯಾಪ್ತ ಕೊಬ್ಬು ಹೆಚ್ಚಾಗಿರುವ ಎಣ್ಣೆ.

ಅಂಥ ಎಣ್ಣೆ ಯಾವುದು? 'ಹೈ ಒಲೀಯಿಕ್' ಎಂದು ಸೀಸೆಯ ಮೇಲೆ ಅಚ್ಚಾಗಿರುವ ಸೂರ್ಯಕಾಂತಿ ಅಥವಾ ಕುಸುಬೆ ಎಣ್ಣೆ ಮೊದಲನೆಯದು. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಏಕ-ಅಪರ್ಯಾಪ್ತ ಕೊಬ್ಬು ನೂರಕ್ಕೆ 20ರಷ್ಟಿದ್ದರೆ, ಈ ತಳಿಯ ಬೀಜದಿಂದ ತೆಗೆದುದರಲ್ಲಿ 80ರ ಆಸುಪಾಸು ಇರುತ್ತದೆ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಬಂಧುಗಳಿಗೆ ಕುಸುಬೆ ಎಣ್ಣೆ ಹೊಸದಲ್ಲ. ಆದರೆ ಊರಿನ ಸಾಂಪ್ರದಾಯಿಕ ಕುಸುಬೆಯಲ್ಲಿ ಬಹು-ಅಪರ್ಯಾಪ್ತ ಕೊಬ್ಬೇ ಹೆಚ್ಚು. ಹೆಸರು ಒಂದೇ, ಗುಣ ಬೇರೆ. ಆದ್ದರಿಂದ ಸೀಸೆಯ ಹಿಂಬದಿಯನ್ನು ಓದಬೇಕು. ಎರಡನೆಯದು ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆ. ಇದರಲ್ಲಿ ಸುಮಾರು ಅರ್ಧಭಾಗ ಏಕ-ಅಪರ್ಯಾಪ್ತ ಕೊಬ್ಬು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಸೀಮೆಯಂತೆ ಟೆಕ್ಸಾಸಿನಲ್ಲಿಯೂ ಕಡಲೆಕಾಯಿ ಬೆಳೆಯುತ್ತಾರೆ. ಆ ರುಚಿಗೂ ನಮ್ಮ ನಾಲಗೆಗೂ ಹಳೆಯ ಸ್ನೇಹ. ಮೂರನೆಯದು ಕೆನೋಲ. ಬೆಲೆ ಕಡಿಮೆ, ಪರ್ಯಾಪ್ತ ಕೊಬ್ಬು ಎಲ್ಲಕ್ಕಿಂತ ಕಡಿಮೆ; ಆದರೆ ಬಹಳ ಹೊತ್ತು ಕಾಯಿಸಿದರೆ ಅದರಲ್ಲಿರುವ ಲಿನೊಲೆನಿಕ್ ಆಮ್ಲದ ಕಾರಣದಿಂದ ಮೀನಿನಂಥ ವಾಸನೆ ಬರುವುದುಂಟು. ಬರಿಯ 'ವೆಜಿಟಬಲ್ ಆಯಿಲ್' ಎಂಬ ಸೀಸೆಯಲ್ಲಿ ಈ ದೇಶದಲ್ಲಿ ಸಾಮಾನ್ಯವಾಗಿ ಇರುವುದು ಸೋಯಾ ಎಣ್ಣೆ. ಒಂದು ಸಲ ಕರಿದು ಮುಗಿಸುವುದಾದರೆ ಅದನ್ನು ಬಳಸಲು ಅಡ್ಡಿಯಿಲ್ಲ.

ಮಕ್ಕಳ ಅಲರ್ಜಿಯ ಬಗ್ಗೆ ಎರಡು ಮಾತು. ಚೆನ್ನಾಗಿ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯಲ್ಲಿ ಅಲರ್ಜಿ ಉಂಟುಮಾಡುವ ಪ್ರೋಟೀನ್ ಬಹುಮಟ್ಟಿಗೆ ಹೊರಟುಹೋಗಿರುತ್ತದೆ. ಆ ಕಾರಣದಿಂದ 2004ರ ಅಲರ್ಜಿ ಕಾಯಿದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ಗಾಣದ ಎಣ್ಣೆಗೆ ಈ ಮಾತು ಅನ್ವಯಿಸುವುದಿಲ್ಲ. ಹೀಗಿದ್ದರೂ ಯುಗಾದಿ, ರಾಜ್ಯೋತ್ಸವಗಳ ಊಟದಲ್ಲಿ ಯಾರ ಮಗು ಎಂಥದೆಂದು ನಮಗೆ ತಿಳಿಯದು. ಸಾರ್ವಜನಿಕ ಊಟಕ್ಕೆ ಬೇರೆ ಎಣ್ಣೆ ಬಳಸಿ. ಯಾವ ಎಣ್ಣೆಯೆಂದು ಪಾತ್ರೆಯ ಮುಂದೆ ಒಂದು ಚೀಟಿ ಬರೆದಿಡಿ.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇವೆ. ಕರಿದು ಉಳಿದ ಎಣ್ಣೆಯನ್ನು ಏನು ಮಾಡುತ್ತೀರಿ? ಸಭೆಯಲ್ಲಿ ಮುಗುಳ್ನಗೆ ಕಾಣುತ್ತಿದೆ. ಒಲೆಯ ಪಕ್ಕದಲ್ಲಿ ಮುಚ್ಚಳವಿರುವ ಒಂದು ಸ್ಟೀಲಿನ ಪಾತ್ರೆ. ಅದರಲ್ಲಿ ಶನಿವಾರ ಚಿಪ್ಸ್ ಕರಿದ ಎಣ್ಣೆ. ಭಾನುವಾರ ಅದರಲ್ಲಿ ಪೂರಿ. ಸೋಮವಾರದಿಂದ ಪಲ್ಯಕ್ಕೆ, ಸಾರಿಗೆ ಒಗ್ಗರಣೆ. ಕಡಿಮೆಯಾದರೆ ಮೇಲೆ ಹೊಸ ಎಣ್ಣೆ. ಈ ಪಾತ್ರೆಗೆ ಕೊನೆಯೆಂಬುದೇ ಇಲ್ಲ. ಇದನ್ನು ಹಾಸ್ಯ ಮಾಡುವ ಉದ್ದೇಶ ನಮಗಿಲ್ಲ. ರೇಷನ್ ಅಂಗಡಿಯ ಪಾಮೋಲಿನ್‌ಗೆ ಸಾಲಿನಲ್ಲಿ ನಿಂತು, ಅಳೆದು ಎಣ್ಣೆ ಬಳಸಿ, ನಮ್ಮನ್ನು ಓದಿಸಿ ಇಲ್ಲಿಯವರೆಗೆ ಕಳುಹಿಸಿದ ತಾಯಂದಿರ ಮಿತವ್ಯಯ ಅದು. ಆರು ತಿಂಗಳಿಗೆಂದು ಬಂದ ಅಮ್ಮ, ಸೊಸೆ ಎಣ್ಣೆ ಚೆಲ್ಲುವುದನ್ನು ಕಂಡು ಮನಸ್ಸಿನಲ್ಲೇ ನೊಂದುಕೊಳ್ಳುವುದನ್ನು ನಾವೂ ಬಲ್ಲೆವು. ಆದರೆ ಆ ಕಾಲದಲ್ಲಿ ಬಾಣಲೆ ಒಲೆಗೇರುತ್ತಿದ್ದುದು ಹಬ್ಬಕ್ಕೆ, ಅತಿಥಿಗಳಿಗೆ. ಇಲ್ಲಿ ವಾರಕ್ಕೊಮ್ಮೆ ಏರುತ್ತದೆ.

ಪ್ರತಿಸಲ ಕಾಯಿಸಿದಾಗಲೂ ಎಣ್ಣೆಯಲ್ಲಿ ಒಡೆದ ಕೊಬ್ಬಿನ ಅಂಶ ಹೆಚ್ಚುತ್ತದೆ, ಹೊಗೆಯಾಡುವ ಕಾವು ಕೆಳಗಿಳಿಯುತ್ತದೆ. ಹಳೆಯ ಎಣ್ಣೆಗೆ ಹೊಸದನ್ನು ಸೇರಿಸಿದರೆ ಹಳೆಯದು ಸುಧಾರಿಸುವುದಿಲ್ಲ. ಹೊಸದೂ ಬೇಗ ಕೆಡುತ್ತದೆ, ಮೊಸರಿಗೆ ಹೆಪ್ಪು ಹಾಕಿದಂತೆ. ಈ ಒಡೆದ ಅಂಶಗಳನ್ನು ಅಳೆಯುವ ಕ್ರಮವಿದೆ. ಅವು ನೂರಕ್ಕೆ 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಲ್ಲಿ ಜಾರಿಗೆ ಬಂದಿತು. ಮನೆಯಲ್ಲಿ ಅಳೆಯುವ ಸಾಧನವಿಲ್ಲದ ನಮಗೆ ಕಣ್ಣು ಮೂಗುಗಳೇ ಸಾಧನ. ಎಣ್ಣೆ ಕಪ್ಪಾಗಿದೆಯೆ, ಮಂದವಾಗಿ ಸುರಿಯುತ್ತದೆಯೆ, ಕಾಯುವಾಗ ನೊರೆ ನಿಲ್ಲುತ್ತದೆಯೆ, ಕಮಟು ವಾಸನೆಯಿದೆಯೆ? ಒಂದಿದ್ದರೂ ಅದನ್ನು ಚೆಲ್ಲಬೇಕು. ನಮ್ಮ ಸಲಹೆ ಇನ್ನೂ ಸರಳ: ಒಂದು ಸಲ ಚಿಪ್ಸ್ ಕರಿದ ಎಣ್ಣೆಯನ್ನು ಆರಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿ, ಕತ್ತಲೆಯ ತಂಪಾದ ಜಾಗದಲ್ಲಿಟ್ಟು, ಕೆಲವೇ ದಿನಗಳೊಳಗೆ ಇನ್ನೊಂದು ಸಲ ಕರಿಯಲು ಬಳಸಬಹುದು. ಅಷ್ಟಕ್ಕೆ ಮುಗಿಸಿ. ಒಗ್ಗರಣೆಗೆ ಎಂದಿಗೂ ಬೇಡ; ಕರಿದ ಎಣ್ಣೆ ಒಗ್ಗರಣೆಯ ಮೂಲಕ ದಿನನಿತ್ಯದ ಅನ್ನಕ್ಕೆ ಪ್ರವೇಶಿಸುವುದೇ ದೊಡ್ಡ ತೊಂದರೆ. ಚೆಲ್ಲುವಾಗ ಸಿಂಕಿಗೆ ಸುರಿಯಬೇಡಿ. ಕೊಳವೆಯಲ್ಲಿ ಗಟ್ಟಿಯಾಗಿ ಚರಂಡಿ ಕಟ್ಟಿಕೊಳ್ಳುತ್ತದೆ. ಆರಿದ ಮೇಲೆ ಡಬ್ಬದಲ್ಲಿ ತುಂಬಿ ಕಸಕ್ಕೆ ಹಾಕಬಹುದು. ನಿಮ್ಮ ನಗರದಲ್ಲಿ ಬಳಸಿದ ಎಣ್ಣೆಯನ್ನು ಸಂಗ್ರಹಿಸುವ ವ್ಯವಸ್ಥೆಯಿದ್ದರೆ ಅಲ್ಲಿಗೆ ಒಪ್ಪಿಸಬಹುದು.

ಚೆಲ್ಲುವ ನಷ್ಟವನ್ನು ಕಡಿಮೆ ಮಾಡುವ ಉಪಾಯವೂ ಇದೆ: ಬಾಣಲೆಗೆ ಮೊದಲೇ ಕಡಿಮೆ ಎಣ್ಣೆ ಹಾಕುವುದು. ಟೋರ್ಟಿಯಾ ತೆಳುವಾದ ವಸ್ತು, ಬೋಂಡದಂತೆ ಮುಳುಗಬೇಕಿಲ್ಲ. ಬಾಯಿ ಅಗಲವಾದ ಬಾಣಲೆಗಿಂತ ಕಿರಿದಾದ, ಆಳವಾದ ಪಾತ್ರೆಯಲ್ಲಿ ಒಂದು ಅಂಗುಲ ಎಣ್ಣೆ ಸಾಕು. ಗಾಳಿಗೆ ತೆರೆದ ಮೇಲ್ಮೈಯೂ ಕಡಿಮೆ. ಹಿತ್ತಾಳೆ, ತಾಮ್ರದ ಪಾತ್ರೆ ಬೇಡ; ತಾಮ್ರ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಸ್ಟೀಲಿನದು ಉತ್ತಮ.

ಒಂದು ಲೆಕ್ಕವನ್ನು ನೋಡೋಣ. ಹನ್ನೆರಡು ಸಣ್ಣ ಟೋರ್ಟಿಯಾಗಳ ತೂಕ ಸುಮಾರು 300 ಗ್ರಾಂ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಕರಿದಾಗ ನೀರೆಲ್ಲ ಹೋಗಿ, ಚಿಪ್ಸಿನ ತೂಕದ ಕಾಲುಭಾಗದಷ್ಟು ಎಣ್ಣೆ ಒಳಸೇರುತ್ತದೆ. ಅಂದರೆ ಸುಮಾರು 50 ಗ್ರಾಂ ಎಣ್ಣೆ, ಮೂರೂವರೆ ದೊಡ್ಡ ಚಮಚ. ನಾಲ್ವರ ಸಂಸಾರ ಹಂಚಿಕೊಂಡರೆ ತಲೆಗೆ 12 ಗ್ರಾಂಗಿಂತ ಸ್ವಲ್ಪ ಹೆಚ್ಚು. ತೆಂಗಿನೆಣ್ಣೆಯಲ್ಲಿ ಕರಿದಿದ್ದರೆ ಅದರಲ್ಲಿ 10 ಗ್ರಾಂ ಪರ್ಯಾಪ್ತ ಕೊಬ್ಬು. ಕಡಲೆಕಾಯಿ ಎಣ್ಣೆಯಲ್ಲಾದರೆ 2 ಗ್ರಾಂ. ಕೆನೋಲದಲ್ಲಾದರೆ 1 ಗ್ರಾಂ. ಕೊಲೆಸ್ಟರಾಲ್ ಇಳಿಸಬೇಕಾದವರಿಗೆ ಇಡೀ ದಿನಕ್ಕೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವ ಮಿತಿ, 2000 ಕ್ಯಾಲೊರಿಯ ಆಹಾರದಲ್ಲಿ, ಸುಮಾರು 13 ಗ್ರಾಂ. ಎಣ್ಣೆಯ ಆಯ್ಕೆಯೊಂದರಿಂದಲೇ ದಿನದ ಪಾಲು ಮುಗಿಯಬಹುದು, ಅಥವಾ ಉಳಿಯಬಹುದು.

ಎಣ್ಣೆ ಕಡಿಮೆ ಹೀರುವಂತೆ ಮಾಡುವ ವಿದ್ಯೆಯನ್ನು ನಮ್ಮ ಅಜ್ಜಿಯರು ಹಪ್ಪಳದಲ್ಲಿ ತೋರಿಸಿಕೊಟ್ಟಿದ್ದಾರೆ: ಮೊದಲು ಒಣಗಿಸು, ಆಮೇಲೆ ಕರಿ. ನೀರು ಆವಿಯಾಗಿ ಹೋದ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ನೀರು ಕಡಿಮೆಯಿದ್ದಷ್ಟೂ ಎಣ್ಣೆ ಕಡಿಮೆ. ಅಂಗಡಿಯ ಟೋರ್ಟಿಯಾ ಚಿಪ್ಸನ್ನು ಮೊದಲು ಸುಟ್ಟು ಆಮೇಲೆ ಕರಿಯುತ್ತಾರೆ. 28 ಗ್ರಾಂ ಚಿಪ್ಸಿಗೆ ಸುಮಾರು 7 ಗ್ರಾಂ ಕೊಬ್ಬು. ಹಸಿಹಿಟ್ಟಿನಿಂದ ನೇರವಾಗಿ ಕರಿದ ಫ್ರಿಟೋಸಿನಲ್ಲಿ ಅಷ್ಟೇ ತೂಕಕ್ಕೆ 10 ಗ್ರಾಂ. ಆದ್ದರಿಂದ ಕತ್ತರಿಸಿದ ಟೋರ್ಟಿಯಾವನ್ನು ರಾತ್ರಿ ತಟ್ಟೆಯಲ್ಲಿ ಹರಡಿಡಿ, ಅಥವಾ ಹತ್ತು ನಿಮಿಷ ಅವನ್ನಿನಲ್ಲಿ ಒಣಗಿಸಿ. ಹ್ಯೂಸ್ಟನ್ನಿನ ತೇವದ ಹವೆಯಲ್ಲಿ ಅವನ್ನೇ ಮೇಲು. ಎಣ್ಣೆ ಕಾದಿದೆಯೆ ಎಂದು ತಿಳಿಯಲು ಉಷ್ಣಮಾಪಕ ಉತ್ತಮ. ಇಲ್ಲದಿದ್ದರೆ ಒಂದು ಚೂರು ಹಾಕಿ ನೋಡಿ, ಕೂಡಲೆ ಗುಳ್ಳೆಯೆದ್ದು ಮೇಲೆ ಬರಬೇಕು, ಕೂಡಲೆ ಕೆಂಪಾಗಬಾರದು. ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಹಾಕಿ. ಹೆಚ್ಚು ಹಾಕಿದರೆ ಕಾವು ಇಳಿದು ಚಿಪ್ಸ್ ಗರಿಗರಿಯಾಗುವುದಿಲ್ಲ. ಹೊಂಬಣ್ಣ ಬಂದಾಗ ತೆಗೆಯಿರಿ. ಕಂದಾಗುವವರೆಗೆ ಬಿಟ್ಟರೆ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹೆಚ್ಚುತ್ತದೆ. ಪಿಷ್ಟವುಳ್ಳ ಕರಿದ ಆಹಾರದಲ್ಲಿ ಇದಿದೆಯೆಂದು 2002ರಲ್ಲಿ ಸ್ವೀಡನ್ನಿನವರು ಕಂಡುಹಿಡಿದರು. ಎಣ್ಣೆಯ ಬಹುಭಾಗ ಒಳಕ್ಕೆ ಇಳಿಯುವುದು ಬಾಣಲೆಯಿಂದ ಹೊರತೆಗೆದು ಆರುವಾಗ. ಆದ್ದರಿಂದ ತೂತಿನ ಸೌಟಿನಲ್ಲಿ ತೆಗೆದ ಕೂಡಲೆ ಚೆನ್ನಾಗಿ ಕೊಡವಿ, ಕಾಗದದ ಮೇಲೆ ಹರಡಿ, ಮೇಲೆ ಒಂದು ಕಾಗದ ಒತ್ತಿ. ಉಪ್ಪನ್ನು ಆಮೇಲೆ, ಬಾಣಲೆಯಿಂದ ದೂರದಲ್ಲಿ ಉದುರಿಸಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಪಾತ್ರೆಯನ್ನು ಕದಲಿಸದೆ ಬಿಡಿ.

ಸಂಘದವರು ನಿಮ್ಮ ಕೆಲವು ಪ್ರಶ್ನೆಗಳನ್ನು ಮೊದಲೇ ಕಳುಹಿಸಿದ್ದರು. ಅವಕ್ಕೆ ಸಂಕ್ಷೇಪವಾಗಿ ಉತ್ತರಿಸುತ್ತೇವೆ.

"ನಮ್ಮ ಅಜ್ಜಿ ಉಡುಪಿಯಲ್ಲಿ ತೆಂಗಿನೆಣ್ಣೆಯನ್ನೇ ತಿಂದು ತೊಂಬತ್ತು ವರ್ಷ ಬದುಕಿದರಲ್ಲ?" ಬದುಕಿದರು, ಸಂತೋಷ. ಅವರು ಬಾವಿಯಿಂದ ನೀರು ಸೇದಿದರು, ತೋಟದಲ್ಲಿ ನಡೆದರು, ಮೀನನ್ನೋ ಸೊಪ್ಪನ್ನೋ ಕುಚ್ಚಲಕ್ಕಿಯ ಜೊತೆ ಉಂಡರು. ಆ ಬದುಕಿನಿಂದ ಎಣ್ಣೆಯನ್ನು ಮಾತ್ರ ಕಿತ್ತು ತಂದು, ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ನಮ್ಮ ಬದುಕಿಗೆ ಅಂಟಿಸಿದರೆ ಆಯುಷ್ಯ ಬರುವುದಿಲ್ಲ. ತೆಂಗಿನೆಣ್ಣೆ ಎಲ್.ಡಿ.ಎಲ್. ಏರಿಸುತ್ತದೆ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಸ್ಪಷ್ಟಪಡಿಸಿದೆ. ಅವಿಯಲಿನ ಮೇಲೆ ಒಂದು ಚಮಚ ಹಾಕಿಕೊಳ್ಳಿ, ಬಾಣಲೆ ತುಂಬಬೇಡಿ.

"ಬೀಜದ ಎಣ್ಣೆಗಳೆಲ್ಲ ವಿಷ, ದನದ ಕೊಬ್ಬೇ ಒಳ್ಳೆಯದು ಎನ್ನುತ್ತಾರಲ್ಲ?" ಈಚಿನ ದಿನಗಳಲ್ಲಿ ಈ ಮಾತು ಬಲವಾಗಿ ಕೇಳಿಬರುತ್ತಿದೆ. ಪರ್ಯಾಪ್ತ ಕೊಬ್ಬಿನ ಬದಲು ಈ ಎಣ್ಣೆಗಳನ್ನು ಬಳಸಿದವರಲ್ಲಿ ಎಲ್.ಡಿ.ಎಲ್. ಇಳಿಯುವುದು ದಶಕಗಳಿಂದ ಮತ್ತೆ ಮತ್ತೆ ದೃಢಪಟ್ಟ ಸಂಗತಿ. ಪದೇ ಪದೇ ಕಾಯಿಸಿ ಕೆಡಿಸಿದ ಎಣ್ಣೆಯ ವಿಷಯ ಬೇರೆ; ಅಲ್ಲಿ ತಪ್ಪು ಬೀಜದ್ದಲ್ಲ, ಬಳಸುವ ಕೈಯದು.

"ಆಲಿವ್ ಎಣ್ಣೆಯಲ್ಲಿ ಕರಿಯಬಹುದೆ?" ಸಾಮಾನ್ಯ ಆಲಿವ್ ಎಣ್ಣೆಯಲ್ಲಿ, ಮಿತವಾದ ಕಾವಿನಲ್ಲಿ ಕರಿಯಬಹುದು. ಎಕ್ಸ್‌ಟ್ರಾ ವರ್ಜಿನ್ ಎಂಬುದರ ಬೆಲೆ, ಪರಿಮಳಗಳನ್ನು ನೋಡಿದರೆ ಅದನ್ನು ಕೋಸಂಬರಿಗೆ ಉಳಿಸಿಕೊಳ್ಳುವುದು ಜಾಣತನ.

"ಕರಿಯದೆ ಮಾಡಬಹುದೆ?" ಧಾರಾಳವಾಗಿ. ಹನ್ನೆರಡು ಟೋರ್ಟಿಯಾಗಳಿಗೆ ಒಂದೇ ದೊಡ್ಡ ಚಮಚ ಎಣ್ಣೆ ಸವರಿ, 350 ಡಿಗ್ರಿಯ ಅವನ್ನಿನಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ. ಐವತ್ತು ಗ್ರಾಂ ಎಣ್ಣೆಯ ಜಾಗದಲ್ಲಿ ಹದಿನಾಲ್ಕು ಗ್ರಾಂ. ಏರ್ ಫ್ರೈಯರ್‌ನಲ್ಲಿಯೂ ಹೀಗೆಯೇ. ಕರಿದ ರುಚಿ ಬರುವುದಿಲ್ಲವೆಂದು ಹೇಳುವವರಿಗೆ ನಮ್ಮ ಸಹಮತವಿದೆ. ಅದಕ್ಕೇ ವಾರದ ದಿನಗಳಿಗೆ ಸುಟ್ಟದ್ದು, ತಿಂಗಳಿಗೆ ಒಂದೆರಡು ಸಲ ಕರಿದದ್ದು ಎಂದು ನಾವು ಸಲಹೆ ಕೊಡುವುದು.

ಬಂಧುಗಳೆ, ತಂದೆತಾಯಿಯರಿಂದ ಬಂದ ರಕ್ತವನ್ನು ನಾವು ಬದಲಾಯಿಸಲಾರೆವು. ಇಲ್ಲಿರುವ ಮೂವತ್ತು ದಾಟಿದ ಪ್ರತಿಯೊಬ್ಬರೂ ತಮ್ಮ ಎಲ್.ಡಿ.ಎಲ್., ರಕ್ತದೊತ್ತಡ, ಸಕ್ಕರೆಯ ಅಂಶಗಳನ್ನು ಪರೀಕ್ಷಿಸಿಕೊಳ್ಳಿ. ಕುಟುಂಬದಲ್ಲಿ ಎಳೆಯ ವಯಸ್ಸಿನಲ್ಲಿ ಹೃದ್ರೋಗವಾಗಿದ್ದರೆ ನಿಮ್ಮ ವೈದ್ಯರಿಗೆ ತಪ್ಪದೆ ತಿಳಿಸಿ. ಔಷಧಿ ಬೇಕಾದವರಿಗೆ ಎಣ್ಣೆ ಬದಲಾಯಿಸುವುದು ಔಷಧಿಗೆ ಪರ್ಯಾಯವಲ್ಲ. ಆದರೆ ಮನೆಮಂದಿಯೆಲ್ಲರ, ಅದರಲ್ಲೂ ಇನ್ನೂ ಅಭ್ಯಾಸ ಕಲಿಯುತ್ತಿರುವ ಮಕ್ಕಳ ಪಾಲಿಗೆ, ಅಡಿಗೆಮನೆಯಲ್ಲಿ ಆಗುವ ನಿರ್ಧಾರವೇ ಮೊದಲ ಚಿಕಿತ್ಸೆ. ಏಕ-ಅಪರ್ಯಾಪ್ತ ಕೊಬ್ಬು ಹೆಚ್ಚಿರುವ ಎಣ್ಣೆಯನ್ನು ಆರಿಸಿ, ಸ್ವಲ್ಪವೇ ಹಾಕಿ, ಹದವಾಗಿ ಕಾಯಿಸಿ, ಎರಡನೆಯ ಸಲದ ನಂತರ ಸಂಕೋಚವಿಲ್ಲದೆ ಚೆಲ್ಲಿ. ಅಮ್ಮ ಕೇಳಿದರೆ, ಡಾಕ್ಟರು ಹೇಳಿದರೆಂದು ನಮ್ಮ ಮೇಲೆ ಹಾಕಿ. ಆ ಅಪವಾದವನ್ನು ನಾವು ಸಂತೋಷದಿಂದ ಹೊರುತ್ತೇವೆ.